ಮಸಾಲೆ ನಟ್ಸ್: ಗರಿಗರಿ ಉಳಿಯಲಿ, ಮಸಾಲೆ ಉದುರದಿರಲಿ

ಮನೆಯಲ್ಲಿ ಮಾಡಿದ ಮಸಾಲೆ ನಟ್ಸ್ ಸಾಮಾನ್ಯವಾಗಿ ಎರಡು ರೀತಿ ಕೈಕೊಡುತ್ತವೆ. ಒಂದೋ ಎರಡೇ ದಿನಕ್ಕೆ ಮೆತ್ತಗಾಗುತ್ತವೆ, ಇಲ್ಲವೇ ಮಸಾಲೆಯೆಲ್ಲ ಉದುರಿ ಡಬ್ಬಿಯ ತಳ ಸೇರಿ ಬೀಜ ಬೋಳಾಗಿ ಉಳಿಯುತ್ತದೆ. ಹುರಿಯುವ ಕೆಲಸವನ್ನೂ ಮಸಾಲೆ ಹಿಡಿಸುವ ಕೆಲಸವನ್ನೂ ಒಂದೇ ಏಟಿಗೆ ಮುಗಿಸಲು ಹೋದಾಗ ಹೀಗಾಗುತ್ತದೆ. ಬಾದಾಮಿ ಒಳಗಿನವರೆಗೆ ಹುರಿದು ಬರಲು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚುಕಡಿಮೆ ಕಾಲು ಗಂಟೆ ಬೇಕು. ಎಣ್ಣೆ ಸವರಿದ ಬೀಜದ ಮೇಲಿನ ಖಾರದ ಪುಡಿ ಅಷ್ಟು ಹೊತ್ತು ಅದೇ ಶಾಖದಲ್ಲಿದ್ದರೆ ಕಪ್ಪಿಟ್ಟು ಕಹಿಯಾಗುತ್ತದೆ. ಪುಡಿ ಸೀಯಬಾರದೆಂದು ಬೇಗ ಇಳಿಸಿದರೆ ಬೀಜದೊಳಗೆ ತೇವ ಉಳಿಯುತ್ತದೆ, ಆ ತೇವವೇ ಆಮೇಲೆ ಮೆತ್ತಗೆ ಮಾಡುತ್ತದೆ.

ಹಾಗಾಗಿ ಯಾವ ಮಸಾಲೆ ಎಂದು ಯೋಚಿಸುವ ಮೊದಲು, ಅದನ್ನು ಬೀಜಕ್ಕೆ ಅಂಟಿಸುವುದು ಯಾವುದು ಎಂದು ತೀರ್ಮಾನಿಸಿ. ಮೂರು ದಾರಿಗಳಿವೆ: ತುಪ್ಪ ಅಥವಾ ಎಣ್ಣೆ, ಮೊಟ್ಟೆಯ ಬಿಳಿ, ಸಕ್ಕರೆ ಪಾಕ. ಅಂದೇ ಅತಿಥಿಗಳ ಮುಂದಿಡುವುದಕ್ಕೆ ತುಪ್ಪ ಸಾಕು. ಉಡುಗೊರೆಯಾಗಿ ಕೊಡುವುದಾದರೆ, ಅದರಲ್ಲೂ ದೂರ ಕಳಿಸುವುದಾದರೆ, ಮೊಟ್ಟೆಯ ಬಿಳಿಯ ವಿಧಾನಕ್ಕೆ ಸಾಟಿ ಇಲ್ಲ. ಸಿಹಿ ಮುಂದಾಗಿರಬೇಕು ಎನ್ನುವವರಿಗೆ ಪಾಕ.

ಬೀಜ ಆರಿಸುವಾಗ

ಹಸಿ, ಉಪ್ಪು ಹಾಕದ ಬೀಜವನ್ನೇ ಕೊಳ್ಳಿ. ಮೊದಲೇ ಹುರಿದು ಉಪ್ಪು ಸೇರಿಸಿದ್ದನ್ನು ಮತ್ತೆ ಓವನ್‌ಗೆ ಹಾಕಿದರೆ ಒಳಗೆ ಸೀಯುತ್ತದೆ, ಉಪ್ಪಿನ ಲೆಕ್ಕವೂ ತಪ್ಪುತ್ತದೆ. ಕೆಲಸ ಶುರು ಮಾಡುವ ಮೊದಲು ಪ್ರತಿ ಪೊಟ್ಟಣದಿಂದ ಎರಡು ಬೀಜ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯಿರಿ. ಹಳೆಯ ಎಣ್ಣೆಯ ಕಮಟು ವಾಸನೆ ಬಂದರೆ ಆ ಬೀಜ ಬಿಟ್ಟುಬಿಡಿ. ಯಾವ ಮಸಾಲೆಯೂ ಕಮಟನ್ನು ಮುಚ್ಚುವುದಿಲ್ಲ, ಹುರಿದಾಗ ಅದು ಇನ್ನೂ ಎದ್ದು ಕಾಣುತ್ತದೆ. ವಾಲ್‌ನಟ್ ಬಗ್ಗೆ ಹೆಚ್ಚು ಎಚ್ಚರ ಬೇಕು. ಅದರ ತೂಕದಲ್ಲಿ ಸುಮಾರು 65 ಶೇಕಡಾ ಕೊಬ್ಬೇ ಇದೆ, ಆ ಕೊಬ್ಬೂ ಗಾಳಿಗೆ ಬೇಗ ಕೆಡುವಂಥದ್ದು. ಬಾದಾಮಿಯಲ್ಲಿ ಕೊಬ್ಬು ಸುಮಾರು ಅರ್ಧದಷ್ಟು, ಅದು ಹೆಚ್ಚು ಕಾಲ ತಡೆಯುತ್ತದೆ. ಹಸಿ ಬೀಜ ಮುಂಚೆಯೇ ತಂದಿದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ.

ಶೇಂಗಾ ಬಳಸುವುದಾದರೆ ಕೈಯಲ್ಲಿ ಹರಡಿಕೊಂಡು ಆರಿಸಲೇಬೇಕು. ಸುಕ್ಕುಗಟ್ಟಿದ್ದು, ಬಣ್ಣಗೆಟ್ಟಿದ್ದು, ಬೂಷ್ಟು ಹಿಡಿದದ್ದು ಕಂಡರೆ ಎಸೆಯಿರಿ. ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದ ಮಾತ್ರಕ್ಕೆ ಪೂರ್ತಿ ಹೋಗುವುದಿಲ್ಲ.

ವಾಲ್‌ನಟ್ ಸಿಪ್ಪೆಯಲ್ಲಿ ಒಗರು ಹೆಚ್ಚು. ಕುದಿಯುವ ನೀರಿನಲ್ಲಿ ಒಂದು ನಿಮಿಷ ಹಾಕಿ, ಸೋಸಿ, ಬಟ್ಟೆಯ ಮೇಲೆ ಹರಡಿ ಒರೆಸಿ ಆಮೇಲೆ ಹುರಿದರೆ ಆ ಒಗರು ಬಹಳಷ್ಟು ಇಳಿಯುತ್ತದೆ. ನೀರು ಕುಡಿದ ಬೀಜಕ್ಕೆ ಹುರಿಯುವ ಸಮಯ ಐದಾರು ನಿಮಿಷ ಹೆಚ್ಚು ಕೊಡಿ.

ಹುರಿಯುವ ಹದ

ಬೇರೆ ಬೇರೆ ಬೀಜಗಳನ್ನು ಒಂದೇ ಟ್ರೇಯಲ್ಲಿ ಹುರಿಯಬೇಡಿ. ಬಾದಾಮಿ ಹದಕ್ಕೆ ಬರುವಷ್ಟರಲ್ಲಿ ಪೀಕನ್ ಸೀದಿರುತ್ತದೆ. ಬೇರೆ ಬೇರೆ ಹುರಿದು ಕೊನೆಗೆ ಬೆರೆಸಿ. ಓವನ್ ಮೊದಲೇ 160 ಡಿಗ್ರಿಗೆ ಕಾದಿರಲಿ. ಫ್ಯಾನ್ ಇರುವ ಓವನ್ ಆದರೆ 145ಕ್ಕೆ ಇಳಿಸಿ. ಬೀಜಗಳು ಒಂದರ ಮೇಲೊಂದು ಕೂರದಂತೆ ಒಂದೇ ಪದರವಾಗಿ ಹರಡಿ.

ಸುಮಾರಾಗಿ ಹಿಡಿಯುವ ಸಮಯ ಹೀಗೆ: ವಾಲ್‌ನಟ್, ಪೀಕನ್ 8ರಿಂದ 10 ನಿಮಿಷ. ಗೋಡಂಬಿ 10ರಿಂದ 12. ಬಾದಾಮಿ, ಹೇಜಲ್‌ನಟ್ 12ರಿಂದ 15. ಸಿಪ್ಪೆ ಇರುವ ಹಸಿ ಶೇಂಗಾ 18ರಿಂದ 20. ಅರ್ಧ ಸಮಯ ಆದ ಮೇಲೆ ಒಮ್ಮೆ ಹೊರಗೆ ತೆಗೆದು ಕೈಯಾಡಿಸಿ, ಟ್ರೇಯ ಮುಂಭಾಗವನ್ನು ಹಿಂದಕ್ಕೆ ತಿರುಗಿಸಿ ಇಡಿ. ಓವನ್‌ನ ಹಿಂಬದಿ ಬಹುತೇಕ ಯಾವಾಗಲೂ ಹೆಚ್ಚು ಬಿಸಿ. ಕಪ್ಪು ಟ್ರೇಯಲ್ಲಿ ತಳ ಬೇಗ ಕೆಂಪಾಗುತ್ತದೆ, ಆದ್ದರಿಂದ ಎರಡು ನಿಮಿಷ ಮೊದಲೇ ನೋಡಲು ಶುರು ಮಾಡಿ.

ಈ ನಿಮಿಷಗಳು ಬರೀ ಅಂದಾಜು. ನಿಜವಾದ ಪರೀಕ್ಷೆ ಚಾಕುವಿನದು. ಒಂದು ಬಾದಾಮಿ ತೆಗೆದು ಮಧ್ಯಕ್ಕೆ ಅಡ್ಡ ಸೀಳಿ ನೋಡಿ. ಒಳಗೆ ಹಾಲಿನ ಬಿಳುಪಿದ್ದರೆ ಇನ್ನೂ ಹಸಿ. ಅಂಚು ಮಾತ್ರ ಕಂದಾಗಿ ನಡುವೆ ಬಿಳಿ ಇದ್ದರೆ ಶಾಖ ಹೆಚ್ಚಾಗಿದೆ, ಓವನ್ 10 ಡಿಗ್ರಿ ಇಳಿಸಿ. ಅಂಚಿನಿಂದ ನಡುವಿನವರೆಗೆ ಒಂದೇ ಸಮ ತಿಳಿ ಬಿಸ್ಕತ್ ಬಣ್ಣ ಬಂದಿದ್ದರೆ ಹದ ಸರಿಯಾಗಿದೆ. ಟ್ರೇ ಹೊರಗೆ ತೆಗೆದಾಗ ಬಾದಾಮಿ ಚಟಪಟ ಎನ್ನುವುದು ಇನ್ನೊಂದು ಗುರುತು. ಗೋಡಂಬಿಗೆ ಸಿಪ್ಪೆ ಇಲ್ಲದ್ದರಿಂದ ಹೊರಗಿನ ಬಣ್ಣವೇ ಸಾಕು: ತಿಳಿ ಹೊಂಬಣ್ಣ ಬಂದ ಕೂಡಲೇ ತೆಗೆಯಿರಿ.

ಬಿಸಿ ಬೀಜ ಗರಿಗರಿ ಇರುವುದಿಲ್ಲ. ಓವನ್‌ನಿಂದ ತೆಗೆದಾಗ ಮೆತ್ತಗಿದೆ ಎಂದು ಮತ್ತೆ ಒಳಗಿಟ್ಟು ಸೀಸಿಬಿಡುವವರೇ ಹೆಚ್ಚು. ಆರಿದ ಮೇಲೆಯೇ ಗರಿ ಬರುವುದು. ಅದೂ ಅಲ್ಲದೆ ಬಿಸಿ ಟ್ರೇಯಲ್ಲೇ ಬಿಟ್ಟರೆ ಹುರಿಯುವ ಕೆಲಸ ನಿಲ್ಲುವುದಿಲ್ಲ, ಎರಡು ಮೂರು ನಿಮಿಷ ಮುಂದುವರಿಯುತ್ತದೆ. ಹದಕ್ಕೆ ಬಂದದ್ದನ್ನು ತಕ್ಷಣ ತಣ್ಣಗಿನ ತಟ್ಟೆಗೆ ಸುರಿದುಕೊಳ್ಳಿ.

ಓವನ್ ಇಲ್ಲದಿದ್ದರೂ ಆಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ 200 ಗ್ರಾಂಗಿಂತ ಹೆಚ್ಚು ಹಾಕದೆ, ಸಣ್ಣ ಉರಿಯಲ್ಲಿ 10ರಿಂದ 15 ನಿಮಿಷ ಕೈ ಬಿಡದೆ ಆಡಿಸಿ. ಉರಿ ಜೋರಾದರೆ ಹೊರಗೆ ಚುಕ್ಕೆ ಚುಕ್ಕೆ ಕಪ್ಪು, ಒಳಗೆ ಹಸಿ.

ಉಪ್ಪು ಮತ್ತು ಮಸಾಲೆ

ಬೀಜದ ತೂಕದ 1.2ರಿಂದ 1.5 ಶೇಕಡಾ ಉಪ್ಪು ಸರಿಯಾದ ಅಳತೆ. 500 ಗ್ರಾಂ ಬೀಜಕ್ಕೆ 6ರಿಂದ 7 ಗ್ರಾಂ, ಅಂದರೆ ಪುಡಿ ಉಪ್ಪು ಒಂದು ಟೀ ಚಮಚಕ್ಕಿಂತ ಚೂರು ಹೆಚ್ಚು. ಹರಳು ಹರಳಾದ ಉಪ್ಪು ಬೀಜದ ಮೇಲೆ ನಿಲ್ಲುವುದಿಲ್ಲ, ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿಕೊಳ್ಳಿ. ಮಸಾಲೆಗೂ ಇದೇ ಮಾತು. ತರಿ ಇರುವುದೆಲ್ಲ ಡಬ್ಬಿಯ ತಳಕ್ಕೇ ಹೋಗುತ್ತದೆ, ಜರಡಿ ಹಿಡಿದ ಪುಡಿ ಬೀಜವನ್ನು ಬಿಡುವುದಿಲ್ಲ. ಕಾಳುಮೆಣಸು ಮಾತ್ರ ಸ್ವಲ್ಪ ತರಿಯಾಗಿದ್ದರೆ ಚೆನ್ನ, ಹಲ್ಲಿಗೆ ಸಿಕ್ಕಾಗಿನ ಅದರ ಖಾರವೇ ಬೇರೆ.

500 ಗ್ರಾಂ ಬೀಜಕ್ಕೆ ಎರಡು ಮಿಶ್ರಣಗಳು:

ಖಾರದ್ದು: ಅಚ್ಚಖಾರದ ಪುಡಿ 1 ಟೀ ಚಮಚ, ಹುರಿದ ಜೀರಿಗೆ ಪುಡಿ 1 ಟೀ ಚಮಚ, ಕಾಳುಮೆಣಸು ಅರ್ಧ ಟೀ ಚಮಚ, ಬೆಳ್ಳುಳ್ಳಿ ಪುಡಿ ಅರ್ಧ ಟೀ ಚಮಚ, ಆಮ್‌ಚೂರ್ ಅರ್ಧ ಟೀ ಚಮಚ, ಸಕ್ಕರೆ ಪುಡಿ 2 ಟೀ ಚಮಚ, ಉಪ್ಪು ಮೇಲೆ ಹೇಳಿದಷ್ಟು.

ಘಮದ್ದು: ದಾಲ್ಚಿನ್ನಿ ಪುಡಿ ಒಂದೂವರೆ ಟೀ ಚಮಚ, ಒಣ ಶುಂಠಿ ಪುಡಿ ಅರ್ಧ ಟೀ ಚಮಚ, ಏಲಕ್ಕಿ ಪುಡಿ ಅರ್ಧ ಟೀ ಚಮಚ, ಜಾಯಿಕಾಯಿ ಕಾಲು ಟೀ ಚಮಚ, ಲವಂಗ ಒಂದು ಚಿಟಿಕೆ, ಅಚ್ಚಖಾರದ ಪುಡಿ ಒಂದು ಚಿಟಿಕೆ, ಉಪ್ಪು 1 ಟೀ ಚಮಚ.

ಲವಂಗ ಚಿಟಿಕೆ ದಾಟಿದರೆ ಉಳಿದೆಲ್ಲವನ್ನೂ ನುಂಗಿಬಿಡುತ್ತದೆ. ಘಮದ ಮಿಶ್ರಣದಲ್ಲಿ ಆ ಚೂರು ಖಾರವನ್ನು ಬಿಡಬೇಡಿ. ಖಾರ ಎಂದು ಗೊತ್ತಾಗುವುದಿಲ್ಲ, ಆದರೆ ಸಿಹಿ ಮುಖ ಕಟ್ಟದಂತೆ ತಡೆಯುವುದು ಅದೇ. ಹುಳಿಗೆ ನಿಂಬೆರಸ ಹಿಂಡಬೇಡಿ, ಅದರ ನೀರು ಹುರಿದ ಬೀಜವನ್ನು ಮೆತ್ತಗೆ ಮಾಡುತ್ತದೆ. ಆಮ್‌ಚೂರ್ ಅಥವಾ ಕಾಲು ಟೀ ಚಮಚ ನಿಂಬೆ ಉಪ್ಪು ಸಾಕು. ರೋಸ್‌ಮೆರಿ, ಕರಿಬೇವಿನಂಥ ಹಸಿ ಎಲೆ ಸೇರಿಸುವುದಾದರೆ ಮೊದಲು ತುಪ್ಪದಲ್ಲಿ ಗರಿಯಾಗುವವರೆಗೆ ಹುರಿದು, ಕೈಯಲ್ಲಿ ಮುರಿದು ಹಾಕಿ.

ರುಚಿ ನೋಡುವುದು ಆರಿದ ಮೇಲೆ. ಬಿಸಿಯಲ್ಲಿ ಉಪ್ಪೂ ಖಾರವೂ ಸರಿಯಾಗಿ ಗೊತ್ತಾಗುವುದಿಲ್ಲ. ಮೆಣಸಿನಕಾಯಿಯ ಖಾರ ಕೊಬ್ಬಿನಲ್ಲಿ ಕರಗುವಂಥದ್ದು, ಹಾಗಾಗಿ ನಟ್ಸ್ ತಿಂದಾಗ ಅದು ನಿಧಾನವಾಗಿ ಏರುತ್ತದೆ. ಒಂದು ಬೀಜಕ್ಕೆ ತೀರ್ಪು ಕೊಡದೆ ನಾಲ್ಕೈದು ತಿಂದು, ಅರ್ಧ ನಿಮಿಷ ಕಾದು ನೋಡಿ.

ತುಪ್ಪದ ವಿಧಾನ

ಹುರಿದ 500 ಗ್ರಾಂ ಬೀಜ ಇನ್ನೂ ಬಿಸಿಯಾಗಿರುವಾಗಲೇ ಅಗಲ ಪಾತ್ರೆಗೆ ಹಾಕಿ, 1 ದೊಡ್ಡ ಚಮಚ ಕರಗಿದ ತುಪ್ಪ ಅಥವಾ ಎಣ್ಣೆ ಹಾಕಿ ಎಲ್ಲ ಬೀಜಗಳೂ ಹೊಳೆಯುವವರೆಗೆ ಕಲಸಿ. ಮಸಾಲೆಯನ್ನು ಮೂರು ಸಲವಾಗಿ ಉದುರಿಸುತ್ತಾ ಕಲಸಿ. ಮತ್ತೆ ಟ್ರೇಗೆ ಹರಡಿ 150 ಡಿಗ್ರಿಯಲ್ಲಿ 3 ನಿಮಿಷ ಇಟ್ಟು ತೆಗೆಯಿರಿ. ಮಸಾಲೆಯ ಹಸಿ ವಾಸನೆ ಹೋಗಿ ಅದು ಬೀಜಕ್ಕೆ ಕೂರಲು ಅಷ್ಟು ಸಾಕು.

ತುಪ್ಪ ಹೆಚ್ಚಾದರೆ ಮಸಾಲೆ ಚೆನ್ನಾಗಿ ಹಿಡಿಯುತ್ತದೆ ಎಂದುಕೊಳ್ಳುವುದು ಸಹಜ, ಆಗುವುದು ತಿರುಗುಮುರುಗು. ಹೆಚ್ಚಿನ ತುಪ್ಪದಲ್ಲಿ ಪುಡಿ ಜಾರಿ ತಳದಲ್ಲಿ ಕೆಸರಾಗುತ್ತದೆ. ಬೆಣ್ಣೆ ಈ ಕೆಲಸಕ್ಕೆ ಅಷ್ಟು ಒಳ್ಳೆಯದಲ್ಲ: ಅದರಲ್ಲಿ ನೀರಿದೆ, ಬೇಗ ಸೀಯುವ ಹಾಲಿನ ಅಂಶವೂ ಇದೆ. ತುಪ್ಪದಲ್ಲಿ ಈ ಎರಡೂ ಕಾಟವಿಲ್ಲ. ಹೀಗೆ ಮಾಡಿದ್ದನ್ನು ಒಂದು ವಾರದೊಳಗೆ ಮುಗಿಸಿ.

ಮಸಾಲೆ ಬೇಡ, ಬರೀ ಉಪ್ಪಿನ ಬಾದಾಮಿ ಸಾಕು ಎಂದಾದರೆ ತುಪ್ಪವೂ ಬೇಡ. 7 ಗ್ರಾಂ ಉಪ್ಪನ್ನು 2 ದೊಡ್ಡ ಚಮಚ ಬಿಸಿನೀರಿನಲ್ಲಿ ಕರಗಿಸಿ, 500 ಗ್ರಾಂ ಹಸಿ ಬಾದಾಮಿಗೆ ಕಲಸಿ 20 ನಿಮಿಷ ಬಿಡಿ. ಆಮೇಲೆ 150 ಡಿಗ್ರಿಯಲ್ಲಿ 20ರಿಂದ 25 ನಿಮಿಷ ಹುರಿಯಿರಿ. ನೀರು ಆರಿ ಉಪ್ಪು ತೆಳ್ಳನೆಯ ಬಿಳಿ ಪೊರೆಯಾಗಿ ಸಿಪ್ಪೆಗೆ ಅಂಟಿಕೊಂಡಿರುತ್ತದೆ, ಸುಲಭಕ್ಕೆ ಉದುರುವುದಿಲ್ಲ.

ಮೊಟ್ಟೆಯ ಬಿಳಿಯ ವಿಧಾನ

ಇಲ್ಲಿ ಮಾತ್ರ ಹುರಿಯುವುದೂ ಮಸಾಲೆ ಹಿಡಿಸುವುದೂ ಒಟ್ಟಿಗೇ ನಡೆಯುತ್ತವೆ. ಶಾಖ ಕಡಿಮೆ, ಜೊತೆಗೆ ಹೊರಗಿನ ಒದ್ದೆ ಪದರ ಆರುವವರೆಗೂ ಮಸಾಲೆಯನ್ನು ಸೀಯಲು ಬಿಡುವುದಿಲ್ಲ. ಆದ್ದರಿಂದ ಹಸಿ ಬೀಜವನ್ನೇ ಬಳಸಬೇಕು.

500 ಗ್ರಾಂ ಬೀಜಕ್ಕೆ ಒಂದು ಮೊಟ್ಟೆಯ ಬಿಳಿ, 1 ದೊಡ್ಡ ಚಮಚ ನೀರು, 100 ಗ್ರಾಂ ಸಕ್ಕರೆ, ಮೇಲಿನ ಎರಡರಲ್ಲಿ ಒಂದು ಮಿಶ್ರಣ. ಖಾರದ ಮಿಶ್ರಣವಾದರೆ ಸಕ್ಕರೆಯನ್ನು 50 ಗ್ರಾಂಗೆ ಇಳಿಸಿ, ಮಿಶ್ರಣದೊಳಗಿನ ಸಕ್ಕರೆ ಪುಡಿ ಬಿಡಿ. ಬೆಳ್ಳುಳ್ಳಿ ಪುಡಿಯನ್ನೂ ಇಲ್ಲಿ ಅರ್ಧಕ್ಕಿಳಿಸಿ, ಇಷ್ಟು ದೀರ್ಘ ಶಾಖಕ್ಕೆ ಮೊದಲು ಕಹಿಯಾಗುವುದು ಅದೇ.

ಬಿಳಿ ಮತ್ತು ನೀರನ್ನು ಫೋರ್ಕ್‌ನಿಂದ ಅರ್ಧ ನಿಮಿಷ ಕಡೆಯಿರಿ. ಮೇಲೆ ನೊರೆ ಬಂದು, ಎತ್ತಿದರೆ ಲೋಳೆಯಾಗಿ ಇಳಿಯುವುದು ನಿಂತರೆ ಸಾಕು. ಕೇಕ್‌ಗೆ ಕಡೆಯುವಂತೆ ಗಟ್ಟಿ ಮಾಡಬೇಡಿ, ಗಟ್ಟಿ ನೊರೆ ಮುದ್ದೆ ಮುದ್ದೆಯಾಗಿ ಕೂರುತ್ತದೆ. ಬೀಜ ಹಾಕಿ ಕಲಸಿ. ಈಗ ಪಾತ್ರೆಯ ತಳ ನೋಡಿ. ದ್ರವ ನಿಂತಿದ್ದರೆ ಬೀಜವನ್ನು ಜಾಲರಿಗೆ ಸುರಿದು ಒಂದೆರಡು ನಿಮಿಷ ಸೋರಲು ಬಿಡಿ. ಈ ಹೆಚ್ಚಿನ ದ್ರವವೇ ಟ್ರೇಯಲ್ಲಿ ಹರಡಿ ಆಮ್ಲೆಟ್ ಪೊರೆಯಂತೆ ಬೀಜಗಳ ನಡುವೆ ಕಟ್ಟಿಕೊಳ್ಳುವುದು. ಆಮೇಲೆ ಸಕ್ಕರೆ, ಉಪ್ಪು, ಮಸಾಲೆ ಒಟ್ಟು ಮಾಡಿಕೊಂಡದ್ದನ್ನು ಹಾಕಿ ಚೆನ್ನಾಗಿ ಹೊರಳಿಸಿ.

ಬೇಕಿಂಗ್ ಪೇಪರ್ ಹಾಸಿದ ಟ್ರೇಯಲ್ಲಿ ಹರಡಿ 150 ಡಿಗ್ರಿಯಲ್ಲಿ 30ರಿಂದ 35 ನಿಮಿಷ. ಮೇಣದ ಕಾಗದ ಹಾಸಬೇಡಿ, ಓವನ್‌ನಲ್ಲಿ ಮೇಣ ಕರಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಹೊರಗೆ ತೆಗೆದು ಚಪ್ಪಟೆ ಚಮಚದಿಂದ ತಳ ಕೆರೆದು ಮಗುಚಿ, ಅಂಟಿಕೊಂಡದ್ದನ್ನು ಬಿಡಿಸಿ. ಮೊದಲ ಸಲ ಎಲ್ಲವೂ ಒದ್ದೆ, ಅಂಟು ಅಂಟು. ಎರಡನೆಯ ಸಲ ಮಸಾಲೆ ಬೀಜದ ಮೇಲೆ ನಿಂತಿರುತ್ತದೆ. ಮೂರನೆಯ ಸಲಕ್ಕೆ ಹೊಳಪು ಹೋಗಿ ಬೀಜ ಒಣಗಿ ಕಾಣಬೇಕು, ಚಮಚ ತಾಗಿದರೆ ಕಟಕಟ ಸದ್ದು ಬರಬೇಕು. ಎಲ್ಲಾದರೂ ಹೊಳೆಯುವ ಒದ್ದೆ ಜಾಗ ಕಂಡರೆ ಇನ್ನೈದು ನಿಮಿಷ ಕೊಡಿ. ಗೋಡಂಬಿ, ಪೀಕನ್, ವಾಲ್‌ನಟ್ ಮಾತ್ರ ಇದ್ದರೆ 25 ನಿಮಿಷಕ್ಕೇ ನೋಡಲು ಶುರು ಮಾಡಿ.

ಮೊಟ್ಟೆ ತಿನ್ನದವರಿಗಾಗಿ ಕಾಬೂಲಿ ಕಡಲೆ ಬೇಯಿಸಿದ ನೀರು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದನ್ನು ಬೆರಳಿಗೆ ಅಂಟುವಷ್ಟು ಕುದಿಸಿ ಇಂಗಿಸಿ, ಆರಿಸಿ, ಒಂದು ಬಿಳಿಯ ಬದಲು 2 ದೊಡ್ಡ ಚಮಚ ಹಾಕಿ. ಬೇರೆ ನೀರು ಸೇರಿಸಬೇಡಿ.

ಸಕ್ಕರೆ ಪಾಕದ ವಿಧಾನ

ಮೊದಲೇ ಹುರಿದು ಆರಿಸಿದ 300 ಗ್ರಾಂ ಬೀಜ, 150 ಗ್ರಾಂ ಸಕ್ಕರೆ, 60 ಮಿಲಿ ನೀರು, 1 ಟೀ ಚಮಚ ದಾಲ್ಚಿನ್ನಿ, ಅರ್ಧ ಟೀ ಚಮಚ ಉಪ್ಪು. ಅಗಲ, ದಪ್ಪ ತಳದ ಬಾಣಲೆಯಲ್ಲಿ ಸಕ್ಕರೆ, ನೀರು ಕುದಿಸಿ. ಗುಳ್ಳೆಗಳು ದೊಡ್ಡದಾಗಿ, ಮಂದವಾಗಿ ಏಳತೊಡಗಿದಾಗ ಬೀಜ ಹಾಕಿ ಮಧ್ಯಮ ಉರಿಯಲ್ಲಿ ಬಿಡದೆ ಕೈಯಾಡಿಸಿ. ಕೆಲವೇ ನಿಮಿಷದಲ್ಲಿ ಪಾಕ ಇದ್ದಕ್ಕಿದ್ದಂತೆ ಮಬ್ಬಾಗಿ, ಬೀಜದ ಮೇಲೆ ಬಿಳಿ ಮರಳು ಮರಳಾಗಿ ಕೂರುತ್ತದೆ. ಕೆಟ್ಟಿತು ಎಂದು ಗಾಬರಿ ಬೀಳಬೇಡಿ, ನಮಗೆ ಬೇಕಾದ್ದೇ ಅದು. ಉರಿ ಆರಿಸಿ, ದಾಲ್ಚಿನ್ನಿ, ಉಪ್ಪು ಉದುರಿಸಿ, ಕಲಸಿ ಹರಡಿ.

ಇನ್ನೂ ಮೂರ್ನಾಲ್ಕು ನಿಮಿಷ ಸಣ್ಣ ಉರಿಯಲ್ಲಿ ಆಡಿಸಿದರೆ ಆ ಸಕ್ಕರೆ ಮತ್ತೆ ಕರಗಿ ಹೊನ್ನಿನ ಬಣ್ಣದ ಹೊಳಪು ಬರುತ್ತದೆ. ನೋಡಲು ಬಹಳ ಚಂದ. ಆದರೆ ಉಡುಗೊರೆಗೆ ಮರಳು ಪದರವೇ ಮೇಲು. ಹರಳಾದ ಸಕ್ಕರೆ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುವುದಿಲ್ಲ, ಗಾಜಿನಂತೆ ಹೊಳೆಯುವ ಕ್ಯಾರಮೆಲ್ ಎಳೆದುಕೊಳ್ಳುತ್ತದೆ, ಡಬ್ಬಿ ತೆರೆದ ದಿನವೇ ಅಂಟತೊಡಗುತ್ತದೆ. ಜೇನುತುಪ್ಪ, ಬೆಲ್ಲ ಹಾಕಿದರೆ ಅಂಟು ಇನ್ನೂ ಜಾಸ್ತಿ. ಜೇನಿನ ರುಚಿ ಬೇಕೇಬೇಕೆಂದರೆ ಸಕ್ಕರೆಯ ಜೊತೆ 1 ಟೀ ಚಮಚ ಸೇರಿಸಿ, ಸಕ್ಕರೆಯ ಬದಲಿಗೆ ಹಾಕಬೇಡಿ.

ಕಾದ ಸಕ್ಕರೆ ನೀರಿಗಿಂತ ಎಷ್ಟೋ ಬಿಸಿ, ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಬೀಜ ಬಿಡಿಸಲು ಎರಡು ಫೋರ್ಕ್ ಬಳಸಿ, ಕೈ ಹಾಕಬೇಡಿ. ಮಕ್ಕಳನ್ನು ಒಲೆಯ ಹತ್ತಿರ ಬಿಡಬೇಡಿ.

ಕೆಟ್ಟಿದ್ದನ್ನು ಸರಿಪಡಿಸುವುದು

ಮೆತ್ತಗಾದರೆ 120 ಡಿಗ್ರಿಯಲ್ಲಿ 8ರಿಂದ 10 ನಿಮಿಷ ಇಟ್ಟು ಪೂರ್ತಿ ಆರಿಸಿ, ಗರಿ ಮರಳಿ ಬರುತ್ತದೆ. ಹೊಳೆಯುವ ಕ್ಯಾರಮೆಲ್ ಪದರದ್ದನ್ನು ಹೀಗೆ ಮಾಡಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಅದನ್ನು ದೂರ ದೂರ ಹರಡಿ. ಗಂಟು ಗಂಟಾಗಿದ್ದರೆ ಉಗುರು ಬೆಚ್ಚಗಿರುವಾಗಲೇ ಬಿಡಿಸಿ, ಪೂರ್ತಿ ಆರಿದ ಮೇಲೆ ಬಿಡಿಸಿದರೆ ಮಸಾಲೆ ಪದರ ಚಕ್ಕೆಯಾಗಿ ಏಳುತ್ತದೆ. ತುಪ್ಪದ ವಿಧಾನದಲ್ಲಿ ಮಸಾಲೆ ಉದುರುತ್ತಿದ್ದರೆ ಬೀಜ ಆರಿದ ಮೇಲೆ ತುಪ್ಪ ಹಾಕಿದ್ದೀರಿ ಎಂದರ್ಥ. ಮತ್ತೆ ಬಿಸಿ ಮಾಡಿ, 1 ಟೀ ಚಮಚ ತುಪ್ಪ ಸೇರಿಸಿ ಕಲಸಿ. ಉಪ್ಪು ಹೆಚ್ಚಾದರೆ ಉಪ್ಪಿಲ್ಲದ ಹುರಿದ ಬೀಜ ಬೆರೆಸುವುದೊಂದೇ ದಾರಿ. ಸೀದದ್ದಕ್ಕೆ ಮದ್ದಿಲ್ಲ.

ತುಂಬುವುದು, ಕೊಡುವುದು

ಕನಿಷ್ಠ ಒಂದೂವರೆ ಗಂಟೆ ಹರಡಿಟ್ಟು ಆರಿಸಿ. ಮುಟ್ಟಿದರೆ ತಣ್ಣಗಿದ್ದರೂ ರಾಶಿಯ ನಡುವೆ ಬಿಸಿ ಉಳಿದಿರುತ್ತದೆ. ಆ ಬಿಸಿ ಮುಚ್ಚಳದ ಒಳಗೆ ಹನಿಯಾಗಿ ಇಳಿದರೆ ಅಷ್ಟೂ ಶ್ರಮ ವ್ಯರ್ಥ. ಗಾಜಿನ ಬಾಟಲಿಗಳನ್ನು ತೊಳೆದು, ಬಾಯಿ ಕೆಳಗೆ ಮಾಡಿ ಹಿಂದಿನ ದಿನವೇ ಒಣಗಿಸಿಡಿ. 250 ಮಿಲಿ ಬಾಟಲಿಗೆ ಸುಮಾರು 130ರಿಂದ 140 ಗ್ರಾಂ ಹಿಡಿಯುತ್ತದೆ, ಅಂದರೆ ಮೊಟ್ಟೆಯ ಬಿಳಿಯ ವಿಧಾನದ ಒಂದು ಅಳತೆಗೆ ನಾಲ್ಕು ಬಾಟಲಿ ತುಂಬಿ ರುಚಿ ನೋಡಲು ಒಂದಿಷ್ಟು ಮಿಗುತ್ತದೆ. ಕುತ್ತಿಗೆಯವರೆಗೆ ತುಂಬಿ. ಒಳಗೆ ಗಾಳಿ ಕಡಿಮೆಯಿದ್ದಷ್ಟು ಕಮಟು ನಿಧಾನ, ಅಲುಗಾಟವೂ ಕಡಿಮೆ. ಕಾಗದದ ಚೀಲ ಒಳಗೆ ಬಟರ್ ಪೇಪರ್ ಹಾಸದಿದ್ದರೆ ಎಣ್ಣೆ ಹೀರಿ ಕಲೆ ಬೀಳುತ್ತದೆ, ಗಾಳಿಯನ್ನೂ ತಡೆಯುವುದಿಲ್ಲ.

ಮೊಟ್ಟೆಯ ಬಿಳಿಯದ್ದೂ ಮರಳು ಪಾಕದ್ದೂ ಬಿಸಿಲು ಬೀಳದ ಕಡೆ ಎರಡು ಮೂರು ವಾರ ಚೆನ್ನಾಗಿರುತ್ತವೆ. ಅದಕ್ಕೂ ಮೊದಲೇ ಮಾಡಿಡಬೇಕಾದರೆ ಫ್ರೀಜರ್‌ನಲ್ಲಿಡಿ. ಹೊರಗೆ ತೆಗೆದ ಮೇಲೆ ಡಬ್ಬಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬೇಡಿ, ತೆರೆದರೆ ತಣ್ಣನೆಯ ಬೀಜದ ಮೇಲೆ ಗಾಳಿಯ ತೇವವೆಲ್ಲ ಕೂರುತ್ತದೆ.

ಚೀಟಿ ಅಂಟಿಸುವುದನ್ನು ಅಲಂಕಾರ ಎಂದು ತಿಳಿಯಬೇಡಿ. ಯಾವ ಯಾವ ಬೀಜ, ಶೇಂಗಾ ಇದೆಯೇ, ಮೊಟ್ಟೆ ಇದೆಯೇ, ತುಪ್ಪ ಇದೆಯೇ, ಮಾಡಿದ ದಿನಾಂಕ, ಇವಿಷ್ಟೂ ಸ್ಪಷ್ಟವಾಗಿ ಬರೆಯಿರಿ. ನಟ್ಸ್ ಅಲರ್ಜಿ ಪ್ರಾಣಕ್ಕೇ ಅಪಾಯ ತರಬಹುದು. ಒಂದೇ ಟ್ರೇಯಲ್ಲಿ ಶೇಂಗಾ ಹುರಿದು ಆಮೇಲೆ ಬಾದಾಮಿ ಹುರಿದಿದ್ದರೆ ಅದನ್ನೂ ಬರೆಯಿರಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆ. ಪುಟ್ಟ ಮಕ್ಕಳಿರುವ ಮನೆಗೆ ಕೊಡುವಾಗ ಚೀಟಿಯನ್ನು ನಂಬಿ ಸುಮ್ಮನಾಗದೆ, ಬಾಯಿಮಾತಿನಲ್ಲೂ ಹೇಳಿ ಕೊಡಿ.